ಫೋನಿನಲ್ಲಿ ಬಂದ ಹೆಸರು

ನನ್ನ ಮೊಮ್ಮಗಳ ಕಿವಿಗೆ ಅವಳ ಹೆಸರನ್ನು ಮೊದಲು ಹಾಕಿದವಳು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ದನಿಯೊಂದು ನೆನಪಿದೆ. ಹಿಂದಿಯಲ್ಲಿ ಮಾತಾಡುವ, ಬೆಲ್ಲದ ಪಾಕದಂಥ, ಹುಡುಗಿಯ ದನಿ. ಆ ಹೆಸರು ಹೇಳಬೇಕಾಗಿದ್ದವಳು ನಾನು. ಹೇಳಲು ದಿನ ಗೊತ್ತಾಗಿತ್ತು, ಕಲ್ಯಾಣದಿಂದ ತೊಟ್ಟಿಲು ತರಿಸಿಯಾಗಿತ್ತು, ಉಡುವ ಸೀರೆ ಕೂಡ ಕಪಾಟಿನಿಂದ ಇಳಿದು ಮಂಚದ ಮೇಲೆ ಕುಳಿತಿತ್ತು. ಅಷ್ಟರೊಳಗೆ ಅವಳು ಹೇಳಿಬಿಟ್ಟಳು.

ನಮ್ಮ ಮನೆತನದಲ್ಲಿ ಮಗುವಿನ ಹೆಸರನ್ನು ತೊಟ್ಟಿಲಿಗೆ ಹಾಕುವ ದಿನದವರೆಗೆ ಬಾಯಿಬಿಟ್ಟು ಆಡುವ ಹಾಗಿಲ್ಲ. ಮನೆಯವರು ಒಳಗೊಳಗೇ ನಿಶ್ಚಯ ಮಾಡಿಕೊಂಡಿರಬಹುದು. ಆದರೆ ಆ ಹೆಸರನ್ನು ಮೊದಲು ಕೇಳಬೇಕಾದ್ದು ಮಗುವಿನ ಕಿವಿ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಸೆರಗು ಮರೆ ಮಾಡಿ, ಕಿವಿಯಲ್ಲಿ ಹೇಳುತ್ತಾಳೆ. ಆಮೇಲೆ ಊರಿಗೆ. ನನಗಿರುವುದು ಒಬ್ಬನೇ ಮಗ, ಹೆಣ್ಣುಮಕ್ಕಳಿಲ್ಲ. ಹಾಗಾಗಿ ಸೋದರತ್ತೆಯ ಪಾಲು ಅಜ್ಜಿಯಾದ ನನಗೇ ಬಂತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಜನರ ನಡುವೆ ಎದ್ದು ನಿಂತು ಒಂದು ಮಾತು ಆಡಿದವಳಲ್ಲ. ಇದೊಂದು ಮಾತು ನನ್ನದು ಎಂದು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಹಿಗ್ಗು ಎಂದರೆ ಹೇಗಿತ್ತು ಎನ್ನಲಿ! ಮಗನಿಗೆ ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ಸೊಸೆ ಮೈಸೂರಿನವಳು, ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಬ್ಯಾಂಕಿನ ಕೆಲಸ. ಅವಳ ತಾಯಿ ಕಾಲು ಮುರಿದುಕೊಂಡಿದ್ದರಿಂದ ಬಾಣಂತನ ನಮ್ಮ ಡೊಂಬಿವಲಿಯ ಮನೆಯಲ್ಲೇ ಆಯಿತು. ಬೀಗಿತ್ತಿಯ ಕಾಲಿಗೆ ಮರುಗಬೇಕೋ, ಬಾಣಂತನ ನನ್ನ ಪಾಲಿಗೆ ಬಂತೆಂದು ಕುಣಿಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಆಸ್ಪತ್ರೆಯಲ್ಲಿ ದಾದಿ ಕೂಸನ್ನು ತಂದು ಕೈಗಿಟ್ಟಾಗ ಅದು ಕಣ್ಣು ಬಿಟ್ಟು, ಯಾರೀಕೆ ಎನ್ನುವ ಹಾಗೆ ಹುಬ್ಬು ಗಂಟಿಕ್ಕಿತು. ಅದೇ ನನ್ನ ಯಜಮಾನರ ಹುಬ್ಬು. ಹೋಟೆಲಿನಲ್ಲಿ ಸಾಂಬಾರಿಗೆ ಉಪ್ಪು ಹೆಚ್ಚಾದಾಗ ಅವರು ಗಂಟಿಕ್ಕುತ್ತಿದ್ದ ಹುಬ್ಬು. ನಕ್ಕು ನಕ್ಕು ಅತ್ತೆ.

ಅಲ್ಲಿಂದ ನೇರ ಸ್ಟೇಷನ್ ಹತ್ತಿರದ ಮಿಠಾಯಿ ಅಂಗಡಿಗೆ ಹೋದೆ. ಈ ಊರಿನಲ್ಲಿ ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಬರ್ಫಿ ಹಂಚುವುದು ವಾಡಿಕೆ. ನಾನು ಪೇಡೆ ಕೇಳಿದೆ.

"ಮುಲಗಾ ಝಾಲಾ ಕಾ, ಆಜೀ?" ಗಂಡು ಮಗುವೇ ಅಜ್ಜಿ ಎಂದು ಅಂಗಡಿಯವನು ನಕ್ಕ.

"ಮುಲಗೀ! ಪೇಢೇಚ್ ದ್ಯಾ!"

ಪಕ್ಕದಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಹೆಣ್ಣು, ಪೇಡೆಯೇ ಕೊಡಿ ಎಂದು, ನೋಡಲಿ ಎಂದೇ ಗಟ್ಟಿಯಾಗಿ ಹೇಳಿದ್ದೆ. ನಮ್ಮ ಕಟ್ಟಡದ ಪ್ರತಿ ಮನೆಗೂ ಪೇಡೆ ಕೊಟ್ಟೆ, ಲಿಫ್ಟಿನವನಿಗೆ ಕೊಟ್ಟೆ, ಠಾಕುರ್ಲಿಯಲ್ಲಿರುವ ನಮ್ಮೂರ ಕಡೆಯವರಿಗೆ ರಿಕ್ಷಾ ಮಾಡಿಕೊಂಡು ಹೋಗಿ ಕೊಟ್ಟೆ. "ಹೆಸ್ರ್ ಎಂತ ಇಡ್ತ್ರಿ?" ಎಂದು ಕೇಳಿದವರಿಗೆಲ್ಲ, "ತೊಟ್ಲಿಗೆ ಬನ್ನಿ, ಕೇಂಬ್ರಿ" ಎಂದೆ. ಒಬ್ಬರಿಗೂ ಹೇಳಲಿಲ್ಲ. ನಾಲಿಗೆಯ ತುದಿಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಕರಗದ ಹಾಗೆ ಕಾಪಾಡಿದಂತೆ ಕಾಪಾಡಿದೆ.

ಆ ಹೆಸರಿನ ಕತೆ ಹೇಳದಿದ್ದರೆ ಮುಂದಿನದು ನಿಮಗೆ ಸಣ್ಣ ವಿಷಯವೆನಿಸೀತು.

ಮದುವೆಯಾಗಿ ಬಂದ ಹೊಸದರಲ್ಲಿ ನಾವು ಇದ್ದದ್ದು ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿ, ಸಾಲು ಕೋಣೆಗಳ ಒಂದು ಚಾಳಿನಲ್ಲಿ. ಯಜಮಾನರು ಠಾಣೆಯ ಹೋಟೆಲಿನಲ್ಲಿ ಅಡಿಗೆಯವರು. ಹೋಟೆಲು ತೊಳೆದು ಮುಗಿಸಿದ ಮೇಲೆಯೇ ಮನೆ. ನನಗೆ ಕುಂದಾಪುರದ ಮಾತು ಬಿಟ್ಟರೆ ಮತ್ತೊಂದು ಬರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಒಬ್ಬಾಕೆ ಮರಾಠಿ ಹೆಂಗಸು ಇದ್ದಳು. ಅವಳ ಗಂಡನಿಗೆ ರೈಲಿನ ಕಾರ್‌ಶೆಡ್ಡಿನಲ್ಲಿ ಕೆಲಸ. ಮಕ್ಕಳಿರಲಿಲ್ಲ. ನನಗೆ ನೋವು ಬಂದ ದಿನ ಅವಳು ಒಲೆಯ ಮೇಲಿನ ಬೇಳೆಯನ್ನು ಹಾಗೇ ಇಳಿಸಿ, ತೊಳೆದ ತಲೆಯನ್ನು ಒರೆಸಿಕೊಳ್ಳದೆ, ನನ್ನನ್ನು ಎತ್ತಿಕೊಂಡ ಹಾಗೆಯೇ ತಬ್ಬಿ ನಡೆಸಿ ಆಸ್ಪತ್ರೆಗೆ ಸೇರಿಸಿದಳು. ಅವಳ ಬೆನ್ನಿನ ಮೇಲೆ ಕೂದಲಿನಿಂದ ನೀರು ಇಳಿಯುತ್ತಿತ್ತು. ನನ್ನ ಕೈ ಅವಳ ಕೈಯಲ್ಲಿತ್ತು. ನನ್ನ ನಿಜವಾದ ಹೆಸರು ಅವಳ ಬಾಯಿಗೆ ಒಗ್ಗುತ್ತಿರಲಿಲ್ಲವೋ ಏನೋ, ಮೊದಲಿನಿಂದಲೂ ನಾವಿಬ್ಬರೇ ಇರುವಾಗ ತಾನೇ ಕಟ್ಟಿದ ಒಂದು ಪುಟ್ಟ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದಳು. ಅವತ್ತು ಅದೇ ಹೆಸರನ್ನು ಮತ್ತೆ ಮತ್ತೆ ಕರೆದು, ಆಯಿತು, ಇನ್ನೇನು ಆಗಿಹೋಯಿತು ಎಂಬಂಥದ್ದೇನೋ ಹೇಳಿ ಸಮಾಧಾನ ಮಾಡಿದಳು. ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ನನ್ನ ಮಗನಿಗೆ ಮೊದಲ ಬಟ್ಟೆ ಸುತ್ತಿದ್ದು ಅವಳ ಹಳೆಯ ಸೀರೆಯ ತುಂಡು.

ಹೆಣ್ಣು ಹುಟ್ಟಿದರೆ ಅವಳ ಹೆಸರು ಇಡುತ್ತೇನೆ ಎಂದು ಅವಳಿಗೇ ಹೇಳಿದ್ದೆ. ಹೆಣ್ಣು ಹುಟ್ಟಲಿಲ್ಲ. ನಾವು ಡೊಂಬಿವಲಿಗೆ ಬಂದೆವು. ನೋಡಿ ಬರೋಣ ನೋಡಿ ಬರೋಣ ಎನ್ನುತ್ತ ದಿನ ಹೋಯಿತು. ಎಷ್ಟು ದೂರ? ಲೋಕಲ್ ಹತ್ತಿದರೆ ದಿವಾ, ಮುಂಬ್ರಾ ದಾಟಿದ ಮೇಲೆ ಕಳವಾ. ಹೋಗುವಷ್ಟರಲ್ಲಿ ಅವಳು ತೀರಿಹೋಗಿದ್ದಳು.

ಸೊಸೆಗೆ ಈ ಕತೆ ಹೇಳಿದಾಗ ಅವಳು ಬಸುರಿ. ಅವಳ ಮನಸ್ಸಿನಲ್ಲಿ ಬೇರೆ, ಈಗಿನ ಕಾಲದ ಹೆಸರಿತ್ತು. ಆದರೂ, "ಹೆಣ್ಣಾದ್ರೆ ನೀವು ಹೇಳಿದ ಅವ್ರ ಹೆಸರೇ ಇಡೋಣ ಅತ್ತೆ" ಎಂದಳು. ಹೀಗೆ ಆ ಹೆಸರು ಗೊತ್ತಿದ್ದದ್ದು ನಾಲ್ಕೇ ಜನಕ್ಕೆ: ನನಗೆ, ಯಜಮಾನರಿಗೆ, ಮಗನಿಗೆ, ಸೊಸೆಗೆ.

ಇನ್ನು ಆ ಬೆಳಿಗ್ಗೆ. ಕೂಸಿಗೆ ಎಣ್ಣೆ ತಿಕ್ಕಿ, ಕಾಲಿನ ಮೇಲೆ ಮಲಗಿಸಿಕೊಂಡು ಕುಳಿತಿದ್ದೆ. ಸೊಸೆ ಸ್ನಾನಕ್ಕೆ ಹೋಗಿದ್ದಳು. ಅವಳ ಮೊಬೈಲು ಪಕ್ಕದ ಚಾಪೆಯ ಮೇಲೆ ಕಿರುಗುಟ್ಟಿತು. ಅವಳ ತಾಯಿಯೋ ಏನೋ, ಕಾಲಿನ ಸುದ್ದಿಯೋ ಏನೋ ಎಂದುಕೊಂಡೆ. ಕೈಯೆಲ್ಲ ಎಣ್ಣೆ. ಕಿವಿಗೆ ಹಿಡಿಯಲು ಆಗದೆ ಕಿರುಬೆರಳಿನಿಂದ ಹಸಿರು ಗುರುತು ಒತ್ತಿ, ಮಗ ಕಲಿಸಿದ್ದ ಹಾಗೆ ಸ್ಪೀಕರ್ ಮಾಡಿದೆ.

"ನಮಸ್ತೇ ಜೀ! ಕ್ಯಾ ಮೈ ... ಕೀ ಮಮ್ಮೀ ಸೇ ಬಾತ್ ಕರ್ ರಹೀ ಹೂಂ?"

ಇಂಥವಳ ಮಮ್ಮಿಯೇ ಮಾತಾಡುತ್ತಿರುವುದು ಎಂದು ಅವಳ ಪ್ರಶ್ನೆ; ಚುಕ್ಕಿ ಇಟ್ಟ ಕಡೆ ಕೂಸಿನ ಹೆಸರಿತ್ತು. ಇಲ್ಲಿ ಬರೆಯುವುದಿಲ್ಲ. ಬರೆದವರು ಸಾಕಷ್ಟು ಜನ ಆದರು. ಕೋಣೆ ತುಂಬ ಕೇಳುವ ಹಾಗೆ, ಅಕ್ಷರ ಅಕ್ಷರ ಬಿಡಿಸಿ, ಕೂಸಿನ ತಲೆಯಿಂದ ಒಂದು ಗೇಣು ದೂರದಲ್ಲಿ ಅವಳು ಆ ಹೆಸರು ಹೇಳಿದಳು. ಕೂಸು ಕೈಕಾಲು ಆಡಿಸುವುದನ್ನು ನಿಲ್ಲಿಸಿ ಆ ಕಡೆ ಕಣ್ಣು ಹೊರಳಿಸಿತು. ದನಿ ಕೇಳಿದರೆ ಎಲ್ಲ ಮಕ್ಕಳೂ ಹಾಗೆ ಮಾಡುತ್ತಾರೆ, ನನಗೆ ಗೊತ್ತು. ಆದರೂ.

ಅವಳು ಮಾತು ಮುಂದುವರಿಸಿದಳು. ಬಧಾಯಿ, ಅಭಿನಂದನೆ ಅಂತೆ, ನನ್ಹೀ ಪರೀ, ಪುಟ್ಟ ಕಿನ್ನರಿ ಅಂತೆ, ಅವಳ ಭವಿಷ್ಯಕ್ಕೆ ಒಂದು ಒಳ್ಳೆಯ ಪಾಲಿಸಿ ಇದೆಯಂತೆ. "ತುಮಕೋ ಕೌನ್ ಬೋಲಾ? ಏ ನಾಮ್ ತುಮಕೋ ಕೌನ್ ಬೋಲಾ?" ಎಂದೆ. "ಮ್ಯಾಡಮ್, ಆಪ್ ನೇ ಹೀ ತೋ ರಜಿಸ್ಟರ್ ಕಿಯಾ ಹೈ" ಎಂದು, ನೀವೇ ತಾನೆ ಬರೆಸಿದ್ದು ಎನ್ನುವ ಹಾಗೆ ನಕ್ಕಳು. ಎಣ್ಣೆ ಕೈಯಲ್ಲಿ ಎಲ್ಲಿ ಒತ್ತಿದರೂ ಫೋನು ಬಂದ್ ಆಗಲಿಲ್ಲ. ಕೊನೆಗೆ ಅದನ್ನು ದಿಂಬಿನ ಕೆಳಗೆ ತುರುಕಿದೆ. ದಿಂಬಿನ ಕೆಳಗಿನಿಂದಲೂ ಇನ್ನೊಮ್ಮೆ ಹೆಸರು ಹೇಳಿದಳು.

ಸೊಸೆ ತಲೆಗೆ ಬಟ್ಟೆ ಸುತ್ತಿಕೊಂಡು ಬಂದಾಗ ಎಲ್ಲ ಹೇಳಿದೆ. ಅವಳು ಚಾಪೆಯ ಅಂಚಿನಲ್ಲಿ ಕುಳಿತು, ಬಹಳ ಮೆಲ್ಲಗೆ, "ಅತ್ತೆ, ಪೇಡಾ ಹಂಚೋವಾಗ ಯಾರಾದ್ರೂ ಕೇಳಿರ್ತಾರೆ. ಖುಷೀಲಿ ಬಾಯ್ತಪ್ಪಿ ಬಂದಿರತ್ತೆ. ಹೇಳ್ಬಿಡಿ, ಪರ್ವಾಗಿಲ್ಲ" ಎಂದಳು.

ಆ ಪರ್ವಾಗಿಲ್ಲ ಇದೆಯಲ್ಲ, ಅದು ಬೈಗುಳಕ್ಕಿಂತ ಕೆಟ್ಟದ್ದು.

"ನಾ ಯಾರಿಗೂ ಹೇಳ್ಲಿಲ್ಲೆ ಹೆಣೆ. ಈ ಕೂಸಿನ್ ಆಣೆ."

"ಕೂಸಿನ ಮೇಲೆ ಆಣೆ ಎಲ್ಲ ಬೇಡ ಅತ್ತೆ" ಎಂದು ಅವಳು ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡದ್ದು ಹಾಲು ಕುಡಿಸಲಿಕ್ಕೆ. ಆದರೆ ನನ್ನ ಕಾಲ ಮೇಲಿನಿಂದ ಕಿತ್ತುಕೊಂಡ ಹಾಗೆ ಅನ್ನಿಸಿತು.

ಯಜಮಾನರು ಪೇಪರು ಮಡಿಸುತ್ತ, "ನಿನ್ನ್ ಬಾಯಿಗ್ ಚಿಲ್ಕ ಎಲ್ಲಿತ್ತ್? ಊರಿಡೀ ಪೇಡೆ ಕೊಡು ಗಡಿಬಿಡಿಗೆ ಜಾರಿತ್ತಾ ಹ್ಯಾಂಗೆ, ಕಾಣ್" ಎಂದರು. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯ!

ಸಂಜೆ ಮಗ ಐರೋಲಿಯ ಆಫೀಸಿನಿಂದ ಬಂದ. ಕಂಪ್ಯೂಟರಿನ ಕೆಲಸದವನು. ಶೂ ಬಿಚ್ಚುತ್ತಲೇ ಎಲ್ಲ ಕೇಳಿ, "ಅಮ್ಮಾ, ಟೆನ್ಷನ್ ಬೇಡ ಮಾರಾಯ್ತಿ. ಕಾಲ್ ಸೆಂಟರಿನವರು. ಎಲ್ಲಿಂದಲೋ ಸಿಕ್ಕಿರ್ತದೆ. ನಂಬರ್ ಬ್ಲಾಕ್ ಮಾಡಿ ಬಿಡುದು, ಖತಂ" ಎಂದ. ಖತಂ ಆಗಲಿಲ್ಲ. ಒಂದು ನಂಬರಿನ ಬಾಯಿ ಮುಚ್ಚಿದರೆ ಇನ್ನೊಂದು ತೆರೆಯಿತು. ಹಾಲಿನ ಪುಡಿಯವರು, ಹೊಕ್ಕುಳ ಬಳ್ಳಿ ಬಿದ್ದುಹೋದ ಮೇಲೆ ಅದರ ರಕ್ತವನ್ನು ತೆಗೆದಿಡುತ್ತೇವೆ ಎನ್ನುವವರು, ಒದ್ದೆಯಾಗದ ಹಾಸಿಗೆಯವರು, ಮಗುವಿನ ಕೈಕಾಲಿನ ಅಚ್ಚು ತೆಗೆದು ಚೌಕಟ್ಟು ಹಾಕಿಸಿ ಕೊಡುವವರು. ಎಲ್ಲರ ಬಾಯಲ್ಲೂ ಹೆಸರು. ಒಬ್ಬನಂತೂ ಕೂಸು ಹುಟ್ಟಿದ ಗಳಿಗೆ, ತೂಕ ಎರಡನ್ನೂ ಒಪ್ಪಿಸಿದ. ನಮ್ಮ ಪುರೋಹಿತರಿಗೂ ಅಷ್ಟು ಸರಿಯಾಗಿ ನೆನಪಿರಲಿಲ್ಲ.

ಮನೆಯೊಳಗೆ ನನ್ನನ್ನು ಯಾರೂ ಬೈಯಲಿಲ್ಲ. ಊಟಕ್ಕೆ ಕರೆಯುತ್ತಿದ್ದರು, ಕೂಸನ್ನು ಕೊಡುತ್ತಿದ್ದರು. ಆದರೆ ಸೊಸೆ ಫೋನಿನಲ್ಲಿ ತಾಯಿಯ ಹತ್ತಿರ ಮಾತಾಡುವಾಗ ನಾನು ಒಳಗೆ ಬಂದರೆ ದನಿ ತಗ್ಗುತ್ತಿತ್ತು. ನಾಲ್ಕು ಜನಕ್ಕೆ ಗೊತ್ತಿದ್ದ ಮಾತು ಹೊರಗೆ ಹೋದರೆ, ನಾಲ್ವರಲ್ಲಿ ಮೂವರು ಓದಿ ಬರೆದು ಬಲ್ಲವರಾದರೆ, ಅನುಮಾನ ಎಲ್ಲಿ ಬಂದು ನಿಲ್ಲಬೇಕು? ಯಜಮಾನರು ಓದಿದ್ದು ಏಳನೆಯ ಕ್ಲಾಸಾದರೂ ದಿನಾ ಪೇಪರು ಹಿಡಿಯುತ್ತಾರೆ. ಉಳಿದವಳು ನಾನು.

ಸತ್ಯ ಹೊರಗೆ ಬಂದದ್ದು ಭಾನುವಾರ, ತಿಂಡಿಯ ಹೊತ್ತಿಗೆ. ಸೊಸೆಯ ಫೋನಿಗೆ ಒಂದು ಚಿತ್ರ ಬಂತು. ಕ್ಯಾಲೆಂಡರು. ಮೇಲೆ ಹೂವಿನ ಅಕ್ಷರದಲ್ಲಿ ಕೂಸಿನ ಹೆಸರು, ಕೆಳಗೆ ಕೂಸು. ಗುಲಾಬಿ ಬಣ್ಣದ ಆಸ್ಪತ್ರೆಯ ಹಾಸು, ಬಿಗಿ ಮುಷ್ಟಿ, ಗಂಟಿಕ್ಕಿದ ಹುಬ್ಬು. ಕೂಸಿನ ತಲೆಯ ಅಡಿಯಲ್ಲಿ ಒಂದು ಕೈ. ಹಸಿರು ಗಾಜಿನ ಬಳೆ, ಹಿಟ್ಟು ನಾದಿ ನಾದಿ ಉಬ್ಬಿದ ಗೆಣ್ಣು. ನನ್ನ ಕೈ. ಸ್ಯಾಂಪಲ್ ಅಂತೆ, ಬೇಕಾದರೆ ಹನ್ನೆರಡು ತಿಂಗಳದ್ದೂ ಅಚ್ಚು ಹಾಕಿ ಕಳಿಸುತ್ತಾರಂತೆ.

ನಾನು ಅದುವರೆಗೆ ಹೆದರಿರಲಿಲ್ಲ, ಸಿಟ್ಟು ಮಾತ್ರ ಬಂದಿತ್ತು. ನನ್ನ ಕೈಯನ್ನು ನೋಡಿ ಹೆದರಿದೆ. ಯಾವ ಊರಿನಲ್ಲೋ, ಯಾವ ಕೋಣೆಯಲ್ಲೋ ಕುಳಿತವರು ನನ್ನ ಬಳೆಗಳನ್ನು ನೋಡಿದ್ದಾರೆ.

ಸೊಸೆ ಚಿತ್ರವನ್ನು ದೊಡ್ಡದು ಮಾಡಿದಳು. ಆಮೇಲೆ ಗಂಡನ ಕಡೆ ತಿರುಗಿಸಿದಳು. "ಈ ಫೋಟೋ ನನ್ನ ಫೋನಲ್ಲಿಲ್ಲ. ಇದು ನಿಮ್ಮ ಫೋನಲ್ಲಿ ತೆಗ್ದಿದ್ದು. ಯಾರಿಗೆ ಕಳ್ಸಿದ್ರಿ?"

"ಯಾರಿಗೂ ಇಲ್ಲ" ಎಂದ ಮಗ, ದೋಸೆ ಮುರಿದ ಕೈಯನ್ನು ಹಾಗೇ ಹಿಡಿದುಕೊಂಡ. ನಾನು ಹೆತ್ತವಳು, ಆ ಮುಖ ನನಗೆ ಗೊತ್ತು. "ಆ ಬೇಬಿ ಆ್ಯಪ್..." ಎಂದ.

ಬಸುರಿ ಇದ್ದಾಗಿನಿಂದ ಇಬ್ಬರೂ ಅದನ್ನು ನೋಡುತ್ತಿದ್ದರು. ಈ ವಾರ ಕೂಸು ನಿಂಬೆಹಣ್ಣಿನಷ್ಟಿದೆ, ಈ ವಾರ ಮಾವಿನಷ್ಟಿದೆ ಎಂದು ನನಗೂ ತೋರಿಸಿದ್ದರು, ನಾನೂ ನಕ್ಕಿದ್ದೆ. ಹುಟ್ಟಿದ ದಿನ ಇವನು ಆಸ್ಪತ್ರೆಯ ವರಾಂಡದಲ್ಲಿ ನಿಂತು ಅದನ್ನು ತೆರೆದ. ಅಭಿನಂದನೆ, ಮಗುವಿನ ಹೆಸರೇನು ಎಂದು ಕೇಳಿತು, ಹಾಕಿದ. ಗಳಿಗೆ ಕೇಳಿತು, ತೂಕ ಕೇಳಿತು, ಫೋಟೋ ಕೇಳಿತು. ತಾಯಿಯ ನಂಬರು ಕೇಳಿತು. ಒಂದು ತಿಂಗಳು ಎಲ್ಲ ಸೌಲಭ್ಯ ಪುಕ್ಕಟೆ, ಕಾರ್ಡಿನ ನಂಬರು ಸುಮ್ಮನೆ ಇರಲಿ ಎಂದಿತು. ಅದನ್ನೂ ಹಾಕಿದ.

"ಫ್ರೀ ಅಂತ ಇತ್ತು ಅಮ್ಮಾ."

"ನಿಮ್ಮ ಮಾಹಿತೀನ ಬೇರೆಯವ್ರಿಗೆ ಕೊಡ್ತೀವಿ ಅಂತ ಕೆಳಗೆ ಬರ್ದಿರತ್ತೆ" ಎಂದಳು ಸೊಸೆ. "ಅದರ ಮುಂದೆ ಟಿಕ್ ಯಾರು ಹಾಕಿದ್ದು?"

"ಟಿಕ್ ಮೊದಲೇ ಹಾಕಿತ್ತು."

"ನೀವು ತೆಗೀಬೇಕಿತ್ತು."

"ನೋಡ್ಲೇ ಇಲ್ಲ. ಖುಷೀಲಿದ್ದೆ."

ನನಗೆ ಮಗನ ಮೇಲೆ ಸಿಟ್ಟು ಬರಲಿಲ್ಲ. ನಾನು ಪೇಡೆಯ ಪೆಟ್ಟಿಗೆ ಹಿಡಿದು ಬೀದಿ ಬೀದಿ ಓಡುತ್ತಿದ್ದ ಹೊತ್ತಿಗೇ ಅವನು ವರಾಂಡದಲ್ಲಿ ನಿಂತು ತನ್ನ ಪೇಡೆ ಹಂಚಿದ್ದ. ನನ್ನ ಪೇಡೆ ತಿಂದವರು ಕೂಸಿಗೆ ಒಳ್ಳೆಯದಾಗಲಿ ಎಂದರು. ಅವನದನ್ನು ತಿಂದವರು ಪೆಟ್ಟಿಗೆಯ ಸಮೇತ ಮಾರಿಕೊಂಡರು. ತಂದೆಯಾದ ಗಳಿಗೆಯಲ್ಲಿ ಯಾವ ಗಂಡಸೂ ಸಣ್ಣ ಅಕ್ಷರ ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕಾದು ಕುಳಿತು ಅದೇ ಗಳಿಗೆಯಲ್ಲಿ ಕೇಳಿದರು. ಅದು ನನಗೆ ಇವತ್ತಿಗೂ ಕಹಿ.

ಯಜಮಾನರು ಎದ್ದು ಹೋಗಿ ಒಂದು ಲೋಟ ಚಹಾ ತಂದು ನನ್ನ ಮುಂದಿಟ್ಟರು. ಅವರ ಕ್ಷಮಾಪಣೆ ಯಾವಾಗಲೂ ಅಷ್ಟೇ. ಸಕ್ಕರೆ ಹಾಕುವುದನ್ನು ಮರೆತಿದ್ದರು.

ಅವತ್ತೇ ಅದನ್ನು ರದ್ದು ಮಾಡಲು ಕುಳಿತರು. ನಾನೂ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತು ನೋಡಿದೆ. ಸೇರಿಕೊಳ್ಳುವ ಗುಂಡಿ ಕಿತ್ತಳೆ ಹಣ್ಣಿನ ಹಾಗೆ ದೊಡ್ಡದು, ಹೊಳೆಯುವಂಥದ್ದು. ಬಿಡುವ ಗುಂಡಿ ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಸಿಕ್ಕಿದ್ದು ಬೂದಿ ಬಣ್ಣದ, ಸಾಸಿವೆಯಷ್ಟು ಅಕ್ಷರ. ಒತ್ತಿದರೆ ಅಳುವ ಮಗುವಿನ ಚಿತ್ರ ಬಂತು.

"ಏನಂತೆ?" ಎಂದೆ.

"ನಿಜವಾಗ್ಲೂ ನಮ್ಮನ್ನ ಬಿಟ್ಟು ಹೋಗ್ತೀರಾ, ಮಗುವಿನ ಬೆಳವಣಿಗೆ ಬಗ್ಗೆ ನಿಮಗೆ ಕಾಳಜಿ ಇಲ್ವಾ ಅಂತ ಕೇಳ್ತಿದೆ ಅತ್ತೆ."

"ಇಲ್ಲೆ ಅನ್ನ್! ಹೌದ್, ನಮಗೆ ಕಾಳಜಿ ಇಲ್ಲೆ, ನೀವೇ ಬಂದ್ ತಿಕ ತೊಳೀರಿ ಅನ್ನ್!"

ಅಷ್ಟು ದಿನದಲ್ಲಿ ಮೊದಲ ಸಲ ಸೊಸೆ ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಆಮೇಲೆ ಯಾವುದೋ ಸಹಾಯವಾಣಿಗೆ ಫೋನು ಹಚ್ಚಿದರು. ಅದು ಸಂಗೀತ ಹಾಕಿ ಕೂರಿಸಿತು. ಬರೆದು ಕಳಿಸಿದರು. ಉತ್ತರ ಬಂತು: ಮಗುವಿನ ವಿವರ ಅಳಿಸಬೇಕಾದರೆ ತಂದೆ ತಾಯಿಯ ಗುರುತಿನ ಚೀಟಿಯ ನಕಲು ಕಳಿಸಿ. ಕದ್ದವನ ಮನೆಗೆ ಹೋಗಿ ನಮ್ಮ ತಂಬಿಗೆ ಕೊಡಪ್ಪಾ ಎಂದರೆ, ತಂಬಿಗೆ ನಿಮ್ಮದೇ ಎಂದು ಖಾತ್ರಿಯಾಗಲು ಬೀಗದ ಕೈ ಕೊಡಿ ಎಂದ ಹಾಗೆ. ಸೊಸೆ ಅದನ್ನು ಕಳಿಸಲು ಬಿಡಲಿಲ್ಲ. ಬ್ಯಾಂಕಿಗೆ ಹೇಳಿ ಆ ಕಾರ್ಡನ್ನೇ ನಿಲ್ಲಿಸಿ ಹೊಸದು ತರಿಸಿದಳು. ದುಡ್ಡು ಹೋಗುವುದು ನಿಂತಿತು. ಹೆಸರಿಗೆ ಅಂಥ ಬ್ಯಾಂಕು ಎಲ್ಲಿದೆ?

ತೊಟ್ಟಿಲಿನ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಸೊಸೆ ತನ್ನ ಫೋನಿನ ಸದ್ದು ಅಡಗಿಸಿ ಕಪಾಟಿನ ಒಳಗಿಟ್ಟು, ನನ್ನ ಪಕ್ಕದಲ್ಲಿ ಬಂದು ಕುಳಿತಳು. ಕೂಸನ್ನು ತಾನಾಗಿ ನನ್ನ ಮಡಿಲಿಗೆ ಹಾಕಿದಳು.

"ನಿಮ್ಮನ್ನ ಅನುಮಾನ ಪಟ್ಟೆ ಅತ್ತೆ."

"ಆಯ್ತಲೆ, ಬಿಡ್."

"ಆ ಹೆಸರೇ ಇಡೋಣ. ಯಾರೋ ಫೋನಲ್ಲಿ ಹೇಳಿದ್ರು ಅಂತ ನಾವ್ಯಾಕೆ ಬಿಡ್ಬೇಕು? ನಿಮ್ಮ ಕಳವಾದವ್ರ ಹೆಸರು ಅದು."

ಎಷ್ಟು ಒಳ್ಳೆಯ ಮಾತು! ಹೂಂ ಎನ್ನಲು ಬಾಯಿ ತೆರೆದೆ. ಅವಳ ಹೆಸರನ್ನು ಮೆಲ್ಲಗೆ ಹೇಳಿ ನೋಡಿದೆ, ಕೂಸಿಗೆ ಕೇಳದ ಹಾಗೆ, ಗೋಡೆಗೆ ತಿರುಗಿ. ಮೊದಲಾದರೆ ಆ ಹೆಸರು ಹೇಳಿದರೆ ಒದ್ದೆ ಕೂದಲು ನೆನಪಾಗುತ್ತಿತ್ತು, ಸೀರೆಯ ತುಂಡು ನೆನಪಾಗುತ್ತಿತ್ತು. ಈಗ ಹೆಸರಿನ ಹಿಂದೆ ಕೀ ಮಮ್ಮೀ ಎಂಬ ಆ ಬೆಲ್ಲದ ದನಿ ತಾನಾಗಿ ಬಂದು ಅಂಟಿಕೊಂಡಿತು. ಮತ್ತೊಮ್ಮೆ ಹೇಳಿದೆ. ಮತ್ತೆ ಅದೇ.

"ನನ್ ಬಾಯಿಗೆ ಬತ್ತಿಲ್ಲೆ ಹೆಣೆ" ಎಂದೆ. "ನಿನ್ ಮನಸ್ಸಲ್ಲಿತ್ತಲೆ, ಆ ಹೆಸ್ರೇ ಇಡ್."

ಮಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಬರೀ ಹೆಸರಮ್ಮಾ, ಅದಕ್ಕೆ ಏನಾಗುತ್ತದೆ ಎಂದು ಹೇಳುವವನಿದ್ದ, ಹೇಳಲಿಲ್ಲ. ಹೇಳದೇ ಇದ್ದದ್ದಕ್ಕೆ ಅವನನ್ನು ಮೆಚ್ಚಿದೆ.

ಹೀಗೆ ಕೂಸಿಗೆ ಸೊಸೆಯ ಹೆಸರು ನಿಶ್ಚಯವಾಯಿತು. ಚೆಂದದ ಹೆಸರು. ಆದರೆ ತೊಟ್ಟಿಲಿನ ದಿನ ನಾನು ಒಂದು ಹಠ ಮಾಡಿದೆ. ಒಳಗೆ ಬರುವವರೆಲ್ಲ ಮೊಬೈಲು ನನ್ನ ಕೈಗೆ ಕೊಡಬೇಕು. ಕೊಟ್ಟಿದ್ದನ್ನೆಲ್ಲ ಅಡಿಗೆಮನೆಯ ದೊಡ್ಡ ಅಕ್ಕಿಯ ಡಬ್ಬಿಗೆ ಹಾಕಿ, ಅಕ್ಕಿ ಮುಚ್ಚಿ, ಮುಚ್ಚಳ ಬಿಗಿದೆ. ಪಕ್ಕದ ಮನೆಯ ಮರಾಠಿ ಹೆಂಗಸರಿಗೆ ನಗುವೋ ನಗು.

"ಅಹೋ ಆಜೀ, ಮೋಬಾಯಿಲ್ ತಾಂದುಳಾತ್? ಶಿಜವಣಾರ್ ಕೀ ಕಾಯ್?" ಬೇಯಿಸುವವರೋ ಹೇಗೆ ಎಂದು ಅವರ ತಮಾಷೆ.

"ಒದ್ದೆ ಆದ್ ಫೋನಿಗೂ ಅಕ್ಕಿ ಡಬ್ಬಿ, ಬಾಯಿಬಡಕ ಫೋನಿಗೂ ಅಕ್ಕಿ ಡಬ್ಬಿ" ಎಂದರು ಯಜಮಾನರು. ಫೋಟೋ ಒಂದೂ ತೆಗೆಯಲಿಲ್ಲ. ಮಗನಿಗೆ ಸಂಕಟವಾಯಿತು, ತೋರಿಸಿಕೊಳ್ಳಲಿಲ್ಲ.

ತೊಟ್ಟಿಲಿಗೆ ಬಗ್ಗಿದೆ. ಈ ಕಡೆಯ ಹೆಂಗಸರ ಪದ್ಧತಿಯಂತೆ ಎಲ್ಲರೂ ಕುರ್ರರ್ ಎನ್ನುತ್ತ ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಸೆರಗು ಮರೆ ಮಾಡಿ, ಕೂಸಿನ ಬಲಗಿವಿಗೆ ಬಾಯಿಟ್ಟು, ಸೊಸೆ ಆರಿಸಿದ ಹೆಸರು ಹೇಳಿದೆ. ಆಮೇಲೆ ಯಾರಿಗೂ ತಿಳಿಯದ ಹಾಗೆ ಇನ್ನೊಂದು ಹೇಳಿದೆ. ಕಳವಾದವಳು ನನ್ನನ್ನು ಕರೆಯುತ್ತಿದ್ದ ಆ ಪುಟ್ಟ ಹೆಸರು. ಅದನ್ನು ಬಲ್ಲವರಿಬ್ಬರಲ್ಲಿ ಒಬ್ಬಳು ಇಲ್ಲ, ಇನ್ನೊಬ್ಬಳು ನಾನು. ಮಗನಿಗೆ ಗೊತ್ತಿಲ್ಲ, ಯಜಮಾನರಿಗೆ ಗೊತ್ತಿಲ್ಲ. ಯಾವ ಗುಂಡಿಯಲ್ಲೂ ಯಾರೂ ಅದನ್ನು ಒತ್ತಿಲ್ಲ. ಕೂಸು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿತು. ಬೆನ್ನಿಗೆ ಗುದ್ದು ಬೀಳುತ್ತಲೇ ಇತ್ತು, ಕಣ್ಣಿನಲ್ಲಿ ನೀರು ಬಂದದ್ದು ಅದಕ್ಕೇ ಎಂದು ಎಲ್ಲರೂ ತಿಳಿದರು.

ಆಮೇಲೆ ನಾವು ಹುಷಾರಾದೆವು. ಸೊಸೆ ಅಂಗಡಿ, ಆ್ಯಪು ಇಂಥವಕ್ಕೆಂದೇ ಬೇರೆ ನಂಬರು ಇಟ್ಟಳು. ಪುಕ್ಕಟೆ ಎಂದು ಹೇಳಿ ಕಾರ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬಾ ಎಂದು ಮಗ ಆಫೀಸಿನ ಹುಡುಗರಿಗೂ ಹೇಳುತ್ತಾನಂತೆ. ಮೊದಲೇ ಹಾಕಿದ ಟಿಕ್ ತೆಗೆಯುವುದನ್ನು ನಾನೂ ಕಲಿತೆ. ಇಂಗ್ಲಿಷ್ ಅಕ್ಷರ ತಿಳಿಯದಿದ್ದರೂ ಟಿಕ್ ತಿಳಿಯುತ್ತದೆ. ನವಿ ಮುಂಬಯಿಯ ಶಾಪಿಂಗ್ ಮಾಲಿಗೆ ಹೋದಾಗ ಒಂದು ಹುಡುಗಿ ಮೊಮ್ಮಗಳಿಗೆ ಬಲೂನು ಚಾಚಿ, "ಬಸ್ ಬೇಬೀ ಕಾ ನಾಮ್, ಬರ್ಥ್‌ಡೇ ಔರ್ ಮೊಬೈಲ್ ನಂಬರ್" ಎಂದಳು. ಕೂಸಿನ ಕೈಯಿಂದ ಬಲೂನು ಬಿಡಿಸಿ ವಾಪಸು ಕೊಟ್ಟೆ. ಮಾಲೆಲ್ಲ ಕೇಳುವ ಹಾಗೆ ಅತ್ತಿತು. ಜನ ನನ್ನನ್ನು ರಾಕ್ಷಸಿಯ ಹಾಗೆ ನೋಡಿದರು. ಹೊರಗೆ ಫುಟ್‌ಪಾತಿನವನ ಹತ್ತಿರ ಒಂದು ಬಲೂನು ಕೊಂಡೆವು. ಅವನು ನಮ್ಮ ಹೆಸರು ಕೇಳಲಿಲ್ಲ.

ಆದರೆ ಸೊಸೆಯ ಹಳೆಯ ನಂಬರು ಬ್ಯಾಂಕಿಗೆ, ಆಸ್ಪತ್ರೆಗೆ, ಎಲ್ಲ ಕಡೆ ಅಂಟಿಕೊಂಡಿದೆ, ಬಿಡುವ ಹಾಗಿಲ್ಲ. ಫೋನುಗಳು ಬರುತ್ತಲೇ ಇವೆ. ಅಲ್ಲಿ, ಅವರ ಲೆಕ್ಕದಲ್ಲಿ, ಆ ಹಳೆಯ ಹೆಸರಿನ ಒಬ್ಬ ಹುಡುಗಿ ಬೆಳೆಯುತ್ತಿದ್ದಾಳೆ. ಅವಳಿಗೆ ಹಲ್ಲು ಬಂದಾಗ ಬ್ರಷ್ಷಿನವರು ಕರೆದರು, ನಡೆಯುವ ವಯಸ್ಸಿಗೆ ಶೂಗಳವರು, ಆಮೇಲೆ ಪ್ಲೇ ಸ್ಕೂಲಿನವರು. ಅವಳ ಹುಟ್ಟುಹಬ್ಬವನ್ನು ಅವರು ಒಂದು ವರ್ಷವೂ ಮರೆತಿಲ್ಲ.

ಮೊನ್ನೆ ಸೊಸೆ ಫೋನು ಮನೆಯಲ್ಲೇ ಬಿಟ್ಟು ತರಕಾರಿಗೆ ಹೋಗಿದ್ದಳು. ಮೊಮ್ಮಗಳು ನೆಲದ ಮೇಲೆ ಬೋರಲು ಮಲಗಿ ಆನೆಗೆ ಬಣ್ಣ ಹಚ್ಚುತ್ತಿದ್ದಳು. ಈಗ ಶಾಲೆಗೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಹೇಳುತ್ತಾಳೆ, ನಮ್ಮಿಬ್ಬರದೂ ಹಾಗೇ ನಡೆಯುತ್ತದೆ. ಫೋನು ಕಿರುಗುಟ್ಟಿತು. ಕೈಯಲ್ಲಿ ಎಣ್ಣೆ ಇರಲಿಲ್ಲ. ಕಿವಿಗೆ ಒತ್ತಿ ಹಿಡಿದೆ.

ಬಾಯಿಲೆಕ್ಕ ಕಲಿಸುವ ಕ್ಲಾಸಂತೆ. ದನಿ ಬೇರೆ, ಬೆಲ್ಲ ಅದೇ. ಆ ಹೆಸರು ಹೇಳಿ, ಅವಳು ಮನೆಯಲ್ಲಿದ್ದಾಳೆಯೇ ಎಂದು ಕೇಳಿದಳು.

"ಐಸಾ ಲಡಕೀ ಇಧರ್ ನಹೀಂ ರಹತೀ" ಎಂದೆ. ಅಂಥ ಹುಡುಗಿ ಇಲ್ಲಿಲ್ಲ ಎಂದು ಪ್ರತಿ ಸಲವೂ ಇದನ್ನೇ ಹೇಳುತ್ತೇನೆ. ಸುಳ್ಳಲ್ಲ. ಆದರೂ ಹೇಳಿದ ಪ್ರತಿ ಸಲವೂ ಬೇಳೆ ಇಳಿಸಿ ಓಡಿ ಬಂದವಳನ್ನು ಬಾಗಿಲಿನಿಂದ ಆಚೆಗೆ ಕಳಿಸಿದ ಹಾಗಾಗುತ್ತದೆ.

ಮೊಮ್ಮಗಳು ಬಣ್ಣದ ಕಡ್ಡಿ ಎತ್ತಿ ಹಿಡಿದು, ಯಾವ ಹುಡುಗಿ, ಎಲ್ಲಿರುತ್ತಾಳೆ ಎನ್ನುತ್ತ ಹುಬ್ಬು ಗಂಟಿಕ್ಕಿದಳು. "ಅಜ್ಜೀ, ಕೌನ್ಸೀ ಲಡಕೀ? ಕಹಾಂ ರಹತೀ ಹೈ ವೋ?"

ಫೋನನ್ನು ತೆಗೆದುಕೊಂಡು ಹೋಗಿ ಅಕ್ಕಿಯ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಬಂದೆ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

"ಕಳವಾದಲ್ಲಿದ್ದಳು, ಮಗಾ" ಎಂದೆ.